ಲವೆನಾಳ ಇಟ್ಟಿಗೆ ಪಿಸ್ತೂಲು

ಅಗ್ಗದ ಪಿಸ್ತೂಲು ಕೊಳ್ಳಬಹುದೇ ಎಂದು ನಮ್ಮ ಅಂಗಡಿಗೆ ಬಂದು ಕೇಳುವವರಲ್ಲಿ ಎರಡು ಜಾತಿ. ದುಬಾರಿಯದನ್ನು ಕೊಳ್ಳುವ ಶಕ್ತಿ ಇಲ್ಲದವರು ಒಂದು. ದುಬಾರಿಯದನ್ನು ಕೊಂಡಾಗಿದೆ, ಈಗ ಯಾರಾದರೂ ಬೆನ್ನು ತಟ್ಟಲಿ ಎಂದು ಕಾಯುವವರು ಇನ್ನೊಂದು. ಮೊದಲನೆಯವರಿಗೆ ನಾನು ನಿಜ ಹೇಳುತ್ತೇನೆ. ಎರಡನೆಯವರ ಮಾತಿಗೆ ತಲೆಯಾಡಿಸಿ, ಹುಳದ ಡಬ್ಬಿ ತೊಳೆಯುವ ನೆವದಲ್ಲಿ ಒಳಗೆ ಹೋಗಿಬಿಡುತ್ತೇನೆ.

ಕೆಂಟಕಿಯ ಬೆಟ್ಟಗಳ ಸಂದಿಯಲ್ಲಿ, ಹೊಳೆಯ ಪಕ್ಕದಲ್ಲಿ ನಮ್ಮ ಅಂಗಡಿ. ಗಾಳದ ಹುಳ, ಬೆಳಗಿನ ತಿಂಡಿ, ಬಂದೂಕು, ಮೂರನ್ನೂ ಮಾರುತ್ತೇವೆ. ಬಂದೂಕಿನ ವ್ಯವಹಾರವೆಲ್ಲ ನನ್ನ ಗಂಡ ಡ್ಯೂಯಿಯದು. ಒಲೆ ನನ್ನದು, ಬಾಯಿಯೂ ನನ್ನದೇ. ವೆಸ್ಟಾಳ ಬಾಯಿಗಿಂತ ಡ್ಯೂಯಿಯ ಬಂದೂಕೇ ವಾಸಿ ಎಂದು ಊರಿನವರು ಅನ್ನುತ್ತಾರಂತೆ. ಅನ್ನಲಿ, ತಿಂಡಿಗೆ ಮಾತ್ರ ಇಲ್ಲಿಗೇ ಬರುತ್ತಾರಲ್ಲ.

ಆ ಎರಡನೆಯ ಜಾತಿಗೆ ಯಜಮಾನ ಅಂದರೆ ಹೋಬರ್ಟ್ ಸ್ಲೋನ್. ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂತು ಜಡೆ ಎಳೆಯುತ್ತಿದ್ದವನು. ರಸ್ತೆ ಇಲಾಖೆಯಲ್ಲಿ ಬುಲ್ಡೋಜರ್ ಓಡಿಸಿ ನಿವೃತ್ತನಾದ. ಹೆಂಡತಿ ಇಮೋಜೀನ್ ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದವು. ಅಲ್ಲಿಂದಾಚೆಗೆ ಅವನಿಗೆ ಪಿಸ್ತೂಲಿನ ಹುಚ್ಚು ಹತ್ತಿತು. ನಾಲ್ಕು ತಿಂಗಳಿಗೊಂದು ಹೊಸದು, ಪ್ರತಿಯೊಂದೂ ಹಿಂದಿನದಕ್ಕಿಂತ ದುಬಾರಿ. ಕೊಂಡ ಮೇಲೆ ವಾರವಾರವೂ ದೂರು ಹೊತ್ತು ಬರುತ್ತಿದ್ದ. ಗುರಿಮೊನೆ ಸೊಟ್ಟಗಿದೆ, ಗುಂಡು ಕಳಪೆ, ಹಿಡಿ ಕೈಗೆ ಕೂರುವುದಿಲ್ಲ. ನಿಜ ಸಂಗತಿ ಏನೆಂದರೆ ಅವನ ಗುಂಡುಗಳಲ್ಲಿ ಹೆಚ್ಚಿನವು ಗುರಿಯ ಕೆಳಗಿನ ಮಣ್ಣಿಗೆ ಬೀಳುತ್ತಿದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಳೆಯ ಸಲಿಗೆ, ಅವನೊಬ್ಬನಿಗೆ ಮಾತ್ರ ತಲೆಯಾಡಿಸದೆ ಅದನ್ನು ಮುಖಕ್ಕೇ ಹೇಳಿದ್ದೆ. ಅವನು ಸಿಟ್ಟಾಗಿ ಹೋಗಿ ಮರುದಿನವೇ ಮತ್ತೆ ಬಂದಿದ್ದ.

ಅವನ ತಂಗಿ ಲವೆನಾ ಶಾಲೆಯ ಬಸ್ಸು ಓಡಿಸುತ್ತಾಳೆ. ಮೇಲಿನ ಕಣಿವೆಯಲ್ಲಿ, ಟಾರು ರಸ್ತೆ ಮುಗಿದ ಮೇಲೂ ಸಾಕಷ್ಟು ದೂರ ಹೋದರೆ ಅವಳ ಪುಟ್ಟ ಮನೆ. ನಾಲ್ಕು ಮೇಕೆ, ಕೋಲಿಗೆ ಹಬ್ಬಿಸಿದ ಬೀನ್ಸು ಬಳ್ಳಿ, ಕೂತರೆ ಏಳಲು ಮನಸ್ಸಾಗದ ಒಂದು ಜಗಲಿ. ಅವಳ ಗಂಡ ಹಿಂದಿನ ವರ್ಷ ಯಾರನ್ನೋ ಕಟ್ಟಿಕೊಂಡು ಫ್ಲೋರಿಡಾಕ್ಕೆ ಹೋದ. ಮನೆಯ ನಾಯಿ ಕೂಡ ಅವನನ್ನು ಹುಡುಕಲಿಲ್ಲ. ಲವೆನಾ ಒಂದು ವಾರ ಅತ್ತಳು, ಆಮೇಲೆ ಅವನ ಕುರ್ಚಿಯನ್ನು ಮೇಕೆಗಳಿಗೆ ಹತ್ತಿ ಕೂರಲು ಬಿಟ್ಟಳು.

ಹೋಬರ್ಟನಿಗೆ ಇಷ್ಟು ನೆವ ಸಾಕಾಯಿತು. ದಿನಾ ಬೆಳಗ್ಗೆ ಫೋನು ಮಾಡತೊಡಗಿದ. ಒಂಟಿ ಹೆಂಗಸು, ಕೈಯಲ್ಲೊಂದು ಬಂದೂಕಿಲ್ಲ, ಶೆರಿಫನನ್ನು ಕರೆದರೆ ಅವನು ಬರುವ ಹೊತ್ತಿಗೆ ಕೋಳಿ ಕೂಗಿರುತ್ತದೆ. ಸುಮ್ಮನೆ ಸಾಮಾನು ಕಟ್ಟಿಕೊಂಡು ನನ್ನ ಮನೆಗೆ ಬಾ, ಕೆಳಗಿನ ಕೋಣೆ ಖಾಲಿ ಇದೆ ಎಂದು ಒಂದೇ ರಾಗ. ಬರುವುದಿಲ್ಲ ಎಂದರೆ ಮರುದಿನ ಮತ್ತೆ ಮೊದಲಿನಿಂದ.

ಅವನ ಬಾಯಿ ಮುಚ್ಚಿಸಲು ಲವೆನಾ ಒಂದು ಶನಿವಾರ ನಮ್ಮಲ್ಲಿಗೆ ಬಂದು, ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯ ಪಿಸ್ತೂಲು ಯಾವುದೋ ಅದನ್ನು ಕೊಡಿ ಎಂದಳು. ಡ್ಯೂಯಿ ಮೂಲೆಯಿಂದ ತೆಗೆದು ಕೊಟ್ಟ. ನಾನು ನಿಜವನ್ನೇ ಹೇಳಿದೆ. ನೋಡಲು ಕುರೂಪಿ, ಮೇಲ್ಭಾಗ ಸತುವಿನದು, ತೂಕದಲ್ಲಿ ಇಟ್ಟಿಗೆಗೆ ಸಮ. ಈ ಬಗೆಯವುಗಳಲ್ಲಿ ಕೆಲವು ವರ್ಷಗಟ್ಟಲೆ ಚೆನ್ನಾಗಿ ಗುಂಡು ಹಾರಿಸುತ್ತವೆ, ಕೆಲವು ಹಟ ಮಾಡುತ್ತವೆ. ಕೆಟ್ಟರೆ ಕಂಪನಿಯವರು ಬಿಟ್ಟಿ ರಿಪೇರಿ ಮಾಡಿಕೊಡುತ್ತಾರೆ. ನಿನ್ನದು ಯಾವ ಬಗೆಯದೆಂದು ಗೊತ್ತಾಗುವವರೆಗೆ ಅದನ್ನು ನಂಬಿ ಮಲಗಬೇಡ ಎಂದೆ.

ಅವಳಿಗೆ ಸಿಕ್ಕಿದ್ದು ಹಟಮಾರಿಯೇ. ಐದಾರು ಗುಂಡಿಗೊಂದು ಸಿಡಿಯುತ್ತಿರಲಿಲ್ಲ. ಟ್ರಿಗರ್ ಎಳೆದರೆ ಬರೀ 'ಟಕ್' ಎನ್ನುವ ಸದ್ದು. ಹೋಬರ್ಟ್ ಅದನ್ನು ಕೈಯಲ್ಲಿ ತೂಗಿ ನೋಡಿ, ನಮ್ಮ ಅಂಗಡಿಯಲ್ಲೇ ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟ.

"ಇದು ಪಿಸ್ತೂಲಲ್ಲ ತಂಗಿ, ಇಟ್ಟಿಗೆ. ಕಳ್ಳ ಬಂದ್ರೆ ಎತ್ತಿ ಎಸೀಬಹುದು ಅಷ್ಟೇ. ಇದು ಲೆಕ್ಕಕ್ಕಿಲ್ಲ, ನೀನು ನನ್ನ ಮನೆಗೆ ಬಾ."

ಲವೆನಾಳ ಕಿವಿ ಕೆಂಪಾಯಿತು. ಅಗ್ನಿಶಾಮಕ ದಳದವರು ನಡೆಸುವ ಗುರಿ ಹೊಡೆಯುವ ಹ್ಯಾಮ್ ಪಂದ್ಯದಲ್ಲಿ ನೋಡಿಕೊಳ್ಳೋಣ, ಎಂದಳು. ನಾನು ಸೋತರೆ ನಿನ್ನ ಕೆಳಗಿನ ಕೋಣೆಗೆ ಬರುತ್ತೇನೆ, ಗೆದ್ದರೆ ನೀನು ಈ ಮಾತನ್ನು ಮತ್ತೆ ಎತ್ತಕೂಡದು. ಹೋಬರ್ಟ್ ಕೈ ಚಾಚಿದ, ಅವಳು ಕುಲುಕಿದಳು. ಸ್ಲೋನ್ ಮನೆತನದವರು ಕೈಕುಲುಕಿದ ಮೇಲೆ ಮಾತು ತಪ್ಪುವವರಲ್ಲ, ತಪ್ಪಬೇಕಾದಾಗಲೂ ತಪ್ಪುವುದಿಲ್ಲ. ಆ ಜಗಲಿ ಬಿಟ್ಟು ಲವೆನಾ ಒಂದು ತಿಂಗಳು ನಗುನಗುತ್ತ ಬದುಕಲಾರಳೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅಭ್ಯಾಸಕ್ಕೆ ಅವಳ ಮನೆಯ ಹಿಂದಿನ ಗುಡ್ಡದ ಬುಡಕ್ಕೆ ನಾನೂ ಹೋಗುತ್ತಿದ್ದೆ. ಮೊದಲ ಸಂಜೆ ಅವಳ ಗುಂಡುಗಳೂ ಅಣ್ಣನವುಗಳ ಹಾಗೆಯೇ ಮಣ್ಣಿಗೆ ಬಿದ್ದವು. ರಕ್ತಗುಣ ಎಂದುಕೊಂಡೆ. ಅಷ್ಟರಲ್ಲಿ ಇಟ್ಟಿಗೆ 'ಟಕ್' ಎಂದಿತು. ಗುಂಡು ಹಾರಲಿಲ್ಲ, ಆದರೆ ಪಿಸ್ತೂಲಿನ ಮೂತಿ ಮಾತ್ರ ಕಾಳು ಕುಕ್ಕುವ ಕೋಳಿಯ ಹಾಗೆ ಗಬಕ್ಕನೆ ಕೆಳಗೆ ಬಗ್ಗಿತು. ಇಬ್ಬರೂ ನೋಡಿದೆವು. ಗುಂಡು ಸಿಡಿದಾಗ ಆಗುವ ಒದೆತಕ್ಕೆ ಹೆದರಿ, ಅದು ಸಿಡಿಯುವ ಮುನ್ನವೇ ಅವಳ ಕೈ ಪಿಸ್ತೂಲನ್ನು ಕೆಳಗೆ ಒತ್ತುತ್ತಿತ್ತು. ಸಿಡಿದಾಗ ಆ ಅಬ್ಬರದಲ್ಲಿ ಇದು ಕಾಣುವುದೇ ಇಲ್ಲ. ಸಿಡಿಯದಿದ್ದಾಗ ಮಾತ್ರ ಬಯಲಾಗುತ್ತದೆ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಡ್ಯೂಯಿ ಪಿಸ್ತೂಲನ್ನು ರಿಪೇರಿಗೆ ಕಳಿಸೋಣ ಎಂದ. ಲವೆನಾ ಬೇಡವೆಂದಳು. ಯಾವಾಗ ಕೈಕೊಡುತ್ತದೋ ತಿಳಿಯದ ಪಿಸ್ತೂಲಿಗಿಂತ ಒಳ್ಳೆಯ ಮೇಷ್ಟ್ರು ಎಲ್ಲಿ ಸಿಗುತ್ತಾನೆ ಎಂಬುದು ಅವಳ ವಾದ. 'ಟಕ್' ಎಂದಾಗಲೆಲ್ಲ ಮೂತಿಯನ್ನು ಗುಡ್ಡಕ್ಕೇ ಹಿಡಿದು, ಸ್ವಲ್ಪ ಕಾದು, ಕೆಟ್ಟ ಗುಂಡನ್ನು ಹೊರಗೆಳೆದು ಮತ್ತೆ ಗುರಿಯಿಡುತ್ತಿದ್ದಳು. ಬೇಸಿಗೆ ಮುಗಿದು ಬೀನ್ಸು ಒಣಗುವ ಹೊತ್ತಿಗೆ, 'ಟಕ್' ಎಂದರೂ ಮೂತಿ ಇದ್ದಲ್ಲೇ ಇರುತ್ತಿತ್ತು.

ಹ್ಯಾಮ್ ಪಂದ್ಯ ನಡೆಯುವುದು ಎಲೆ ಕೆಂಪಾಗುವ ಕಾಲದಲ್ಲಿ. ಗೆದ್ದವರಿಗೆ ಉಪ್ಪು ಹಾಕಿ ಒಣಗಿಸಿದ ಇಡೀ ಹಂದಿತೊಡೆ. ಅದಕ್ಕೂ ಮುಂಚೆ 'ಜಗಳದ ಸುತ್ತು' ಎಂಬುದೊಂದಿದೆ, ನಮ್ಮ ಅಜ್ಜಂದಿರ ಕಾಲದ್ದು. ವ್ಯಾಜ್ಯವಿರುವ ಇಬ್ಬರು ಎದುರುಬದುರಾಗಿ ಕಬ್ಬಿಣದ ತಟ್ಟೆಗಳಿಗೆ ಗುಂಡು ಹೊಡೆಯಬೇಕು. ಮೊದಲು ತಂತಮ್ಮ ಪಿಸ್ತೂಲಿನಿಂದ, ಆಮೇಲೆ ಅದಲುಬದಲು ಮಾಡಿಕೊಂಡು. ಗೆದ್ದದ್ದು ಕೈಯೋ ಕಿಸೆಯೋ ಎಲ್ಲರಿಗೂ ತಿಳಿಯಲಿ ಎಂದು ಈ ಕಟ್ಟಳೆ. ಸಿಡಿಯದ ಗುಂಡೂ ಲೆಕ್ಕಕ್ಕೆ ಸೇರುತ್ತದೆ, ಅದಕ್ಕೆ ಬದಲಿ ಇಲ್ಲ.

ಮೊದಲ ಸುತ್ತಿನಲ್ಲಿ ಇಟ್ಟಿಗೆ ಎಂದಿಗಿಂತ ಹೆಚ್ಚು ಹಾಳುಬುದ್ಧಿ ತೋರಿಸಿತು. ಲವೆನಾ ಸಿಡಿಸಿದ ಗುಂಡೆಲ್ಲ ತಟ್ಟೆಗೇ ಬಡಿದರೂ ಅರ್ಧಕ್ಕರ್ಧ 'ಟಕ್' ಎಂದು ಹಾಳಾದವು. ಹೋಬರ್ಟನ ಗುಂಡುಗಳಲ್ಲಿ ಮಣ್ಣು ಹಾರಿಸಿದವು ಕೆಲವು, ತಟ್ಟೆ ಕೆಡವಿದವು ಕೆಲವು. ಕೊನೆಗೆ ಇಬ್ಬರೂ ಸಮಸಮ. ನೋಡಿದಿರಾ, ಕಳ್ಳನೂ ಇವಳ 'ಟಕ್' ಕೇಳಿಕೊಂಡು ನಿಂತಿರುತ್ತಾನೆಯೇ ಎಂದು ಹೋಬರ್ಟ್ ಎಲ್ಲರನ್ನೂ ಕೇಳಿದ. ಆ ಮಾತು ಸುಳ್ಳಲ್ಲ, ಅದಕ್ಕೇ ನನಗೆ ಇನ್ನಷ್ಟು ಮೈ ಉರಿಯಿತು.

ಪಿಸ್ತೂಲುಗಳು ಕೈ ಬದಲಾದವು. ಅಣ್ಣನ ದುಬಾರಿ ಪಿಸ್ತೂಲನ್ನು ಹಿಡಿದ ಲವೆನಾಳ ಮುಖದಲ್ಲಿ, ಹಳೆಯ ಬಸ್ಸು ಬಿಟ್ಟು ಹೊಸ ಕಾರು ಹತ್ತಿದವಳ ಸುಖ ಕಂಡಿತು. ಒಂದಾದ ಮೇಲೊಂದರಂತೆ ತಟ್ಟೆಗಳೆಲ್ಲ ಉರುಳಿದವು. ಒಂದೂ ಉಳಿಯಲಿಲ್ಲ. ಜನ ಸಿಳ್ಳೆ ಹೊಡೆದರು.

ಹೋಬರ್ಟ್ ಇಟ್ಟಿಗೆ ಹಿಡಿದು ನಿಂತ. ಮೊದಲ ಗುಂಡು ಮಣ್ಣಿಗೆ. ಎರಡನೆಯದಕ್ಕೆ 'ಟಕ್'. ಬುಲ್ಡೋಜರ್ ನಡೆಸಿದ ಆ ದೊಡ್ಡ ಕೈ, ಪಿಸ್ತೂಲಿನ ಮೂತಿಯನ್ನು ಬೂಟಿನ ತುದಿಯತ್ತ ಬಗ್ಗಿಸಿಬಿಟ್ಟಿತು. ಇಡೀ ಊರೇ ನೋಡಿತು. ಆಮೇಲೆ ಹಿಂದಿನಿಂದ ಯಾರೋ, "ಹೋಬರ್ಟ್, ಆಲೂಗೆಡ್ಡೆ ಬಿತ್ತೋ ಕಾಲ ಮುಗೀತು ಕಣೋ" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎರಡು ವರ್ಷ ಅವನ ದೂರು ಕೇಳಿದವಳು ನಾನು, ಎಲ್ಲರಿಗಿಂತ ಜೋರಾಗಿ ನಕ್ಕೆ.

ಅವನು ಕೆಟ್ಟ ಗುಂಡನ್ನು ಎಳೆದು ಬಿಸಾಡಿ, ಮತ್ತೆ ಗುರಿಯಿಟ್ಟು, ನಿಧಾನವಾಗಿ ಟ್ರಿಗರ್ ಎಳೆದ. ಮತ್ತೆ 'ಟಕ್'. ಮೂತಿ ಮತ್ತೆ ಬಗ್ಗಿತು. ಈ ಸಲ ಅವನೂ ನೋಡಿದ. ಪಿಸ್ತೂಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಯಾರದೋ ಕೈ ಎಂಬಂತೆ ತನ್ನ ಕೈಯನ್ನೇ ನೋಡುತ್ತ ನಿಂತ. ಆ ಮುಖ ಕಂಡು ನಾನು ನಗುವುದನ್ನು ನಿಲ್ಲಿಸಿದೆ.

ನಾನು ನಮ್ಮ ಟ್ರಕ್ಕಿನ ಹಿಂದೆ ಎಲ್ಲರಿಗೂ ಬೀನ್ಸಿನ ಸಾರು, ಮೆಕ್ಕೆಜೋಳದ ರೊಟ್ಟಿ ಬಡಿಸಲು ಹೋದೆ. ಹೋಬರ್ಟ್ ಅಲ್ಲಿಗೇ ಬಂದು ಟ್ರಕ್ಕಿನ ಅಂಚಿನ ಮೇಲೆ ಕೂತ. ಲವೆನಾ ಹಿಂದೆಯೇ ಬಂದಳು. ಅವಳು ಹಂಗಿಸಲಿಲ್ಲ. ನನ್ನ ಕೈಯೂ ಹಾಗೇ ಬಗ್ಗುತ್ತಿತ್ತು, ವೆಸ್ಟಾಳನ್ನೇ ಕೇಳು ಎಂದಳು. ಅವನು ತಟ್ಟೆಯೊಳಗೆ ರೊಟ್ಟಿಯನ್ನೆಲ್ಲ ಚೂರು ಚೂರಾಗಿ ಮುರಿದ.

"ನೀನು ಗೆದ್ದೆ, ಅಲ್ಲೇ ಇರು," ಎಂದ ಕೊನೆಗೆ. "ನಿನಗೆ ಭಯ ಅಂತ ನಾನು ಯಾವತ್ತೂ ಅಂದ್ಕೊಂಡಿರ್ಲಿಲ್ಲ ಲವೆನಾ. ಇಮೋಜೀನ್ ಹೋದ್ಮೇಲೆ ಮನೇಲಿ ಮಾತಾಡೋರಿಲ್ಲ ಕಣೇ. ಅದಕ್ಕೇ ಕರೆದದ್ದು."

"ಹಂಗಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?"

"ಹೇಳಿದ್ರೆ ಬರ್ತಿದ್ಯಾ?"

"ಬರ್ತಿರ್ಲಿಲ್ಲ," ಎಂದಳು ಲವೆನಾ. "ಊಟಕ್ಕೆ ಕರೀತಿದ್ದೆ."

ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಬೀನ್ಸು ಹಾಕಿ, ಬುಧವಾರ, ಭಾನುವಾರ ನನ್ನ ಮನೆಯಲ್ಲಿ ಊಟ, ತಪ್ಪಿಸಿದರೆ ಮೇಕೆ ಬಿಟ್ಟು ನಿನ್ನನ್ನು ಅಟ್ಟಿಸಿಕೊಂಡು ಬರುತ್ತೇನೆ ಎಂದಳು. ನನಗೆ ಕಣ್ಣು ತುಂಬಿ ಬಂತು. ಈರುಳ್ಳಿ ಹೆಚ್ಚುವವಳ ಹಾಗೆ ಮುಖ ತಿರುಗಿಸಿಕೊಂಡೆ.

ಪಂದ್ಯ ಮುಗಿದ ಮೇಲೆ ಇಟ್ಟಿಗೆಯನ್ನು ಕಂಪನಿಗೆ ಕಳಿಸಿದೆವು. ಅವರು ಒಂದು ಸ್ಪ್ರಿಂಗು, ಗುಂಡಿನ ಹಿಂಬದಿಗೆ ಬಡಿಯುವ ಮೊಳೆ ಬದಲಿಸಿ ವಾಪಸು ಕಳಿಸಿದರು. ಅಲ್ಲಿಂದೀಚೆಗೆ ಅದು ಒಂದು ಸಲವೂ 'ಟಕ್' ಎಂದಿಲ್ಲ. ಅಗ್ಗದ್ದು ಕೊಳ್ಳಬಹುದೇ ಎಂದು ಈಗ ಯಾರಾದರೂ ಕೇಳಿದರೆ, ಕೊಳ್ಳಿ, ಆದರೆ ಉಳಿಸಿದ ಹಣವನ್ನೆಲ್ಲ ಗುಂಡು ಕೊಳ್ಳಲು ಸುರಿದು ಅದರ ಬುದ್ಧಿ ಪರೀಕ್ಷಿಸಿ, ನಿಮ್ಮದನ್ನೂ ಪರೀಕ್ಷಿಸಿಕೊಳ್ಳಿ, ಎನ್ನುತ್ತೇನೆ.

ಪಂದ್ಯವಾದ ಮುಂದಿನ ವಾರವೇ ಹೋಬರ್ಟ್ ಅಂಗಡಿಗೆ ಬಂದಿದ್ದ. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ಹೊಸದೇನು ಬಂದಿದೆ ಎಂದು ಕೇಳಿದ. ಡ್ಯೂಯಿ ಹಿಗ್ಗಿ ಬೀಗದಕೈ ತೆಗೆದುಕೊಂಡ. ಹೋಬರ್ಟ್ ಪಿಸ್ತೂಲುಗಳ ಮೇಲೆ ಕಣ್ಣಾಡಿಸುತ್ತಿದ್ದ, ಆದರೆ ಒಂದನ್ನೂ ನೋಡುತ್ತಿರಲಿಲ್ಲ. ಅವನ ಮನೆಯ ಬೀರುವಿನಲ್ಲಿ ಈಗಾಗಲೇ ಸಾಲಾಗಿ ಮಲಗಿರುವ ಅಷ್ಟೂ ಪಿಸ್ತೂಲುಗಳು ನನ್ನ ಕಣ್ಣ ಮುಂದೆ ಬಂದವು. ಒಂದೊಂದರ ಹಿಂದೆಯೂ ವಾರಗಟ್ಟಲೆ ಅವನು ತಂದ ದೂರು, ನಾನು ಕೊಟ್ಟ ಬೈಗುಳ. ಇಷ್ಟು ಕಾಲ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

"ಹೋಬರ್ಟ್," ಎಂದೆ, "ನಿನಗೆ ಬೇಕಾಗಿರೋದು ಪಿಸ್ತೂಲಾ, ಜಗಳಾನಾ?"

ಅವನು ಟೋಪಿ ತಿರುಗಿಸುವುದನ್ನು ನಿಲ್ಲಿಸಿದ. ಡ್ಯೂಯಿ ಬೀಗದಕೈ ಹಿಡಿದು ನಿಂತೇ ಇದ್ದ.

"ಜಗಳ," ಎಂದ ಹೋಬರ್ಟ್.

"ಅದು ಇಲ್ಲಿ ಬಿಟ್ಟಿ ಸಿಗುತ್ತೆ. ಕೂತ್ಕೋ."

ಒಳ್ಳೆಯ ಗಿರಾಕಿಯೊಬ್ಬನನ್ನು ಕಳೆದೆಯಲ್ಲ ಎಂದು ಡ್ಯೂಯಿ ಇವತ್ತಿಗೂ ಗೊಣಗುತ್ತಾನೆ. ಹೋಬರ್ಟ್ ಒಲೆಯ ಪಕ್ಕ ಸ್ಟೂಲು ಎಳೆದು ಕೂತ, ಟೋಪಿಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡ. ನನ್ನ ಗ್ರೇವಿಗೆ ಉಪ್ಪು ಕಡಿಮೆ ಎಂದು ಶುರು ಮಾಡಿದವನು ಮಧ್ಯಾಹ್ನದವರೆಗೂ ಏಳಲಿಲ್ಲ.