ಅರ್ಜಿಯ ನಾಲ್ಕನೆಯ ಸಾಲು

ಆ ದಿನ ಬೆಳಿಗ್ಗೆ ಪ್ರಾರ್ಥನೆಗೆ ಕೂತವನು ಮೂರು ಸಲ ಎದ್ದೆ. ಒಮ್ಮೆ ಕಿಟಕಿ ಮುಚ್ಚಲು, ಒಮ್ಮೆ ಮುಚ್ಚಿದ ಕಿಟಕಿ ತೆರೆಯಲು, ಒಮ್ಮೆ ಸುಮ್ಮನೆ. ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವಳಿದ್ದಿದ್ದರೆ, "ನಿಮ್ಮ ಓಡಾಟ ನೋಡಿ ದೇವರಿಗೂ ತಲೆ ಸುತ್ತುತ್ತೆ, ಕೂತ್ಕೊಳ್ಳಿ" ಅನ್ನುತ್ತಿದ್ದಳು.

ಅಡುಗೆಮನೆಯ ಮೇಜಿನ ಬಳಿ ಮೊಮ್ಮಗಳು ಬ್ರೆಡ್ಡು ಕಚ್ಚುತ್ತ ಕಾಲು ಕುಣಿಸುತ್ತಿದ್ದಳು. ಸದಾ ಬಾಯೊಳಗೇ ಗುಂಯ್‌ಗುಡುತ್ತ ಓದುವ ಅವಳಿಗೆ ಅಜ್ಜಿ ಇಟ್ಟ ಹೆಸರು ಜೀರುಂಡೆ. ಈ ದೇಶಕ್ಕೆ ಬಂದು ಮೂರು ವರ್ಷ. ಗಣಿತ, ವಿಜ್ಞಾನಗಳಲ್ಲಿ ತರಗತಿಗೇ ಮೊದಲು. ಆದರೆ ಇಂಗ್ಲಿಷ್ ಪರೀಕ್ಷೆ ದಾಟದೆ ಹೈಸ್ಕೂಲು ಮುಗಿಸಿದ ಸರ್ಟಿಫಿಕೇಟು ಸಿಗುವುದಿಲ್ಲ. ಅದಿಲ್ಲದೆ ನರ್ಸಿಂಗ್ ಕಾಲೇಜಿನವರು ಕಾದಿರಿಸಿದ ಸೀಟೂ ಇಲ್ಲ. ಎರಡು ಸಲ ಕೂತಿದ್ದಳು. ಮೊದಲ ಸಲ ಒಂಬತ್ತು ಅಂಕಕ್ಕೆ ಹೋಯಿತು, ಎರಡನೆಯ ಸಲ ಮೂರಕ್ಕೆ. ಇಂದಿನದು ಕೊನೆಯದು.

"ತಾತ, ನನ್ನ ಜೊತೇಲೇ ಸೇರಿದ ಹುಡುಗಿಗೆ ಪರೀಕ್ಷೇಲಿ ಡಿಕ್ಷನರಿ ಕೊಡ್ತಾರೆ, ಒಂದು ಗಂಟೆ ಜಾಸ್ತಿನೂ ಕೊಡ್ತಾರೆ. ನನಗ್ಯಾಕಿಲ್ಲ ಅಂತ ನಿನ್ನೆ ಟೀಚರನ್ನ ಕೇಳಿದೆ. ನನ್ನ ಫೈಲಲ್ಲಿ ಮನೆಮಾತು ಇಂಗ್ಲಿಷ್ ಅಂತ ಇದೆಯಂತೆ!" ನಕ್ಕಳು. "ಯಾವ ಪುಣ್ಯಾತ್ಮ ಬರೆದನೋ."

ನಾನು ಲೋಟ ತೊಳೆದೆ. ತೊಳೆದ ಲೋಟವನ್ನೇ ಮತ್ತೆ ತೊಳೆದೆ.

ಆ ಪುಣ್ಯಾತ್ಮ ನಾನೇ. ಮಗಳು, ಅಳಿಯ ಇಬ್ಬರೂ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿಯವರು. ಹಾಗಾಗಿ ಶಾಲೆಯ ವ್ಯವಹಾರ ನನ್ನ ಪಾಲಿಗೆ ಬಂದಿತ್ತು. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿ, ಓದು ಬಾರದವರ ಅರ್ಜಿಗಳನ್ನೆಲ್ಲ ತುಂಬಿಕೊಟ್ಟವನು ನಾನು. ಅವಳನ್ನು ಶಾಲೆಗೆ ಸೇರಿಸುವ ದಿನ ಅರ್ಜಿಯ ನಾಲ್ಕನೆಯ ಸಾಲಿನಲ್ಲಿ, ಮನೆಯಲ್ಲಿ ಆಡುವ ಭಾಷೆ ಎಂಬಲ್ಲಿ, ದುಂಡಗೆ ಇಂಗ್ಲಿಷ್ ಎಂದು ಬರೆದೆ. ನಮ್ಮ ಭಾಷೆಯ ಹೆಸರು ಬರೆದರೆ ಮಗುವನ್ನು ಹಿಂದಿನ ಬೆಂಚಿಗೆ ತಳ್ಳುತ್ತಾರೆಂದು ಹೆದರಿದ್ದೆ. ಹೆದರಿಕೆಗಿಂತ ಜಂಬವೇ ಹೆಚ್ಚಿತ್ತು, ಈಗ ಒಪ್ಪಿಕೊಳ್ಳುತ್ತೇನೆ. ಪಕ್ಕದಲ್ಲಿ ಕೂತ ಹೆಂಡತಿ ಏನು ಬರೆದಿರಿ ಎಂದು ಕೇಳಿ ತಿಳಿದುಕೊಂಡು, "ಸುಳ್ಳು ಯಾಕೆ? ನಿಮ್ಮ ಜಂಬಕ್ಕೆ ಯಾರಾದ್ರೂ ಮೂಗುದಾರ ಹಾಕ್ಬೇಕು" ಎಂದಿದ್ದಳು.

ಜೀರುಂಡೆ ಹೊರಟ ಮೇಲೆ ಐದು ನಿಮಿಷ ತಡೆದೆ. ಆಮೇಲೆ ಆಗಲಿಲ್ಲ. ಅರ್ಧ ದಾರಿಯಿಂದ ಬೀಗ ನೋಡಲು ಹಿಂತಿರುಗಿ, ಮತ್ತೆ ಓಡಿದಂತೆ ನಡೆದು ಶಾಲೆಯ ಕಚೇರಿಯ ಗಾಜಿನ ಕಿಟಕಿಯ ಮುಂದೆ ನಿಂತೆ. ಒಳಗೆ ಕನ್ನಡಕದ ಗುಮಾಸ್ತೆಯೊಬ್ಬಳು ಹಾಜರಿ ಪಟ್ಟಿ ನೋಡುತ್ತಿದ್ದಳು. ನನ್ನ ಅಂಚೆ ಕಚೇರಿಯ ಇಂಗ್ಲಿಷಿನಲ್ಲೇ ಹೇಳಿದೆ.

"ಮೂರು ವರ್ಷದ ಹಿಂದೆ ಒಂದು ಅರ್ಜಿಯಲ್ಲಿ ಸುಳ್ಳು ಬರೆದಿದ್ದೇನೆ. ತಿದ್ದಬೇಕು."

ಆಕೆ ಫೈಲು ತೆಗೆದಳು. "ಅಕ್ಷರ ಚೆನ್ನಾಗಿದೆ."

"ಅದೇ ತೊಂದರೆಯಾಯ್ತು ತಾಯಿ. ಯಾರೂ ಅನುಮಾನ ಪಡಲಿಲ್ಲ."

ಆಕೆ ನಿಯಮ ಬಿಡಿಸಿ ಹೇಳಿದಳು. ಇಂದು ಒಳಗೆ ಹೋಗಿ ಕೂತಳೋ, ಅದೇ ಕೊನೆ. ಅದರ ಬದಲು ಇಂದಿನದನ್ನು ಬಿಟ್ಟು ತಿದ್ದುಪಡಿ ಕೊಟ್ಟರೆ, ಇಂದು ಬರಲಾಗದವರಿಗೆಂದು ಎರಡು ವಾರದ ಮೇಲೆ ನಡೆಸುವ ಪರೀಕ್ಷೆಯಲ್ಲಿ ಡಿಕ್ಷನರಿ, ಹೆಚ್ಚಿನ ಹೊತ್ತು ಎರಡೂ ಸಿಗಬಹುದು. ಹುಡುಗಿಗೆ ಹದಿನೆಂಟು ತುಂಬಿರುವುದರಿಂದ ಅವಳೇ ಸಹಿ ಹಾಕಬೇಕು.

"ಇನ್ನೊಂದು. ಅವಳು ಮನೆಯವರ ಜೊತೆ ಆ ಭಾಷೆ ಆಡೋದನ್ನ ಶಾಲೆಯವರು ಒಬ್ಬರಾದರೂ ಕೇಳಿರಬೇಕು. ನಾನಂತೂ ಕೇಳಿಲ್ಲ. ಮನೇಲಿ ಯಾರ ಜೊತೆ ಮಾತಾಡ್ತಾಳೆ?"

"ಅಜ್ಜಿಯ ಜೊತೆ" ಎಂದೆ. ಅಜ್ಜಿ ಹೋದ ಈ ನಾಲ್ಕು ತಿಂಗಳಲ್ಲಿ ನಾನೂ ಮೊಮ್ಮಗಳೂ ಏನು ಆಡಿದ್ದೆವು? ಊಟ ಆಯ್ತಾ. ಬಾಗಿಲು ಹಾಕ್ಕೋ. ಅಷ್ಟೇ.

ಗೋಡೆಯ ಗಡಿಯಾರದಲ್ಲಿ ಪರೀಕ್ಷೆಗೆ ಹನ್ನೆರಡು ನಿಮಿಷವಿತ್ತು. ಗುಮಾಸ್ತೆ ನನ್ನ ಮುಖ ನೋಡಿ, ತಿದ್ದುಪಡಿಯ ಅರ್ಜಿ ಹಿಡಿದುಕೊಂಡು ಹೊರಗೆ ಬಂದಳು.

ಪರೀಕ್ಷೆಯ ಕೋಣೆಯ ಮುಂದೆ ಮಕ್ಕಳು ಸಾಲಾಗಿ ನಿಂತಿದ್ದರು. ಜೀರುಂಡೆ ಏಳನೆಯವಳು.

"ತಾತ? ಏನಾಯ್ತು? ಅಮ್ಮ ಹುಷಾರಾಗಿದ್ದಾಳಾ?"

"ಎಲ್ಲರೂ ಹುಷಾರು. ಆ ಪುಣ್ಯಾತ್ಮ ನಾನೇ ಕಣೇ."

ಅವಳಿಗೆ ತಕ್ಷಣ ತಿಳಿಯಲಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಎರಡು ವಾರದ ಸಂಗತಿಯನ್ನೂ. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಅವಳು ಸರಿಯಲಿಲ್ಲ.

"ಅಜ್ಜಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಬೇಡ ಅಂದಿದ್ದಳು."

ಗುಮಾಸ್ತೆಯ ಕೈಯಿಂದ ಅರ್ಜಿಯನ್ನು ಕಿತ್ತುಕೊಂಡು, ಗುಂಯ್‌ಗುಡುತ್ತ ಎರಡು ಸಲ ಓದಿದಳು. ಕೋಣೆಯ ಬಾಗಿಲನ್ನೊಮ್ಮೆ ನೋಡಿದಳು. ಕಾಗದವನ್ನು ಗೋಡೆಗೆ ಒತ್ತಿ ಸಹಿ ಹಾಕಿದಳು. ಪೆನ್ನು ಕಾಗದವನ್ನು ತೂತು ಮಾಡಿತು. ಆಮೇಲೆ ನನ್ನ ಕಡೆ ತಿರುಗಿದಳು.

"ಎರಡು ಸಲ ತಾತ! ಎರಡು ಸಲ ಫೇಲಾಗಿ ನಲ್ಲಿ ಬಿಟ್ಕೊಂಡು ಅತ್ತಿದ್ದೀನಿ, ಯಾರಿಗೂ ಕೇಳಿಸಬಾರದು ಅಂತ. ನಾನೇ ದಡ್ಡಿ ಅಂದ್ಕೊಂಡಿದ್ದೆ. ನೀವು ಪಕ್ಕದ ಕೋಣೇಲಿ ಕೈ ಮುಗಿದು ಕೂತಿದ್ರಿ! ದೇವರೇನು ಬಂದು ನಿಮ್ಮ ಅರ್ಜಿ ತಿದ್ದಿಕೊಡ್ತಾನಾ? ಊರಿನೋರ ಅರ್ಜಿಯೆಲ್ಲ ಸರಿಯಾಗಿ ಬರೆದ್ರಂತೆ, ಮನೆ ಮಗೂದು ಬರೆಯೋವಾಗ ಕೈಗೇನು ಬಂದಿತ್ತು? ಒಂದು ಮಾತು, ಒಂದೇ ಒಂದು ಮಾತು ಹೇಳೋದಕ್ಕೆ ಮೂರು ವರ್ಷ ಬೇಕಾಯ್ತಾ? ನಿಮ್ಮ ಜಂಬಕ್ಕೆ ಯಾರಾದ್ರೂ ಮೂಗುದಾರ ಹಾಕ್ಬೇಕು!"

ಅದೇ ಮಾತು, ಅದೇ ಧಾಟಿ, ಕೊನೆಗೆ ದನಿ ಏರುವುದೂ ಹಾಗೆಯೇ. ನನಗೆ ಕಣ್ಣು ಮಂಜಾಯಿತು. ಸಾಲಿನಲ್ಲಿದ್ದ ಒಬ್ಬರಿಗೂ ಒಂದಕ್ಷರ ಅರ್ಥವಾಗಿರಲಾರದು, ಆದರೆ ಎಲ್ಲರೂ ತಿರುಗಿ ನೋಡುತ್ತಿದ್ದರು.

ಗುಮಾಸ್ತೆ ಅರ್ಜಿಯನ್ನು ಮೆಲ್ಲಗೆ ತೆಗೆದುಕೊಂಡು ಸಾಕ್ಷಿಯ ಜಾಗದಲ್ಲಿ ತನ್ನ ಹೆಸರು ಬರೆದಳು. "ನನಗೆ ಕೇಳಿಸಿತು" ಎಂದಳು. "ಇನ್ನೊಂದು ಸಲ ಬೇಕಾಗಿಲ್ಲ."

ಸಾಲು ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಜೀರುಂಡೆ ಆ ಬಾಗಿಲನ್ನೇ ನೋಡುತ್ತ ನಿಂತಲ್ಲೇ ಕಾಲು ಕುಣಿಸುತ್ತಿದ್ದಳು.

"ಈ ತಿದ್ದುಪಡಿ ಅವರು ಒಪ್ಪದೇ ಹೋದ್ರೆ?"

ಇನ್ನೊಂದು ಸುಳ್ಳು ಹೇಳುವ ಧೈರ್ಯವಿರಲಿಲ್ಲ. "ಗೊತ್ತಿಲ್ಲ ಮಗಳೇ" ಎಂದೆ.

"ನನಗೆ ಇನ್ನೂ ಬೈಯೋದಿದೆ."

"ಬೈ."

"ಈಗ ಗಣಿತದ ಕ್ಲಾಸಿದೆ. ಸಂಜೆ ಬೈತೀನಿ." ಚೀಲ ಹೆಗಲಿಗೇರಿಸಿ, ಹಿಂತಿರುಗಿ ನೋಡದೆ ಹೋದಳು.

ಮನೆಗೆ ಬಂದು ಪ್ರಾರ್ಥನೆಗೆ ಕೂತೆ. ಮಧ್ಯೆ ಎದ್ದೆ. ಮೂರು ಗಂಟೆಯಿಂದಲೇ ಕುರ್ಚಿ ಎಳೆದುಕೊಂಡು ಬಾಗಿಲ ಬಳಿ ಕಾಯತೊಡಗಿದೆ.