ಅರ ಹಿಡಿದ ಕೈ

ಗರಗಸ ಬೇವಿನ ಬೊಡ್ಡೆಯಲ್ಲಿ ಮತ್ತೆ ಸಿಕ್ಕಿಕೊಂಡಿತು. ಬುಡ್ಡೇಸಾಬ ತನ್ನ ತುದಿಯ ಹಿಡಿಕೆ ಬಿಟ್ಟು ಬೆವರು ಒರೆಸಿಕೊಂಡ. ಇನ್ನೊಂದು ತುದಿಯಲ್ಲಿದ್ದ ಹೊಳೆಯಪ್ಪ ಸಿಟ್ಟಿನಿಂದ ಬೊಡ್ಡೆಗೆ ಒದ್ದ. ಒಳಗೆ ಪಡಸಾಲೆಯಲ್ಲಿ ಮಲಗಿಸಿದ್ದುದು ಅವನ ತಾಯಿ ಹನಮಂತವ್ವನ ಹೆಣ. ಮುಂಜಾನೆ ಚಹಾ ಕುಡಿದು, ಎದೆ ಹಿಡಿದುಕೊಂಡು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ.

"ಎಡಕ್ಕ ಎಳಿಯಾಕತ್ತೈತಿ ಕಾಕಾ. ಹಿಂಗಾದ್ರ ಯಾವಾಗ ಕೊರದು ಮುಗಸೂದು?"

"ಒದಿಬ್ಯಾಡೋ. ಕಟ್ಟಿಗಿ ಏನ್ ಮಾಡೇತಿ? ಗರಗಸ ತೆಗಿ, ನೋಡೂಣು."

ನಾಲ್ಕು ದಿನದ ಮಳೆಗೆ ಬೆಟಗೇರಿಯ ಅಡ್ಡೆಗಳಲ್ಲಿದ್ದ ಕಟ್ಟಿಗೆಯೆಲ್ಲ ತೊಯ್ದುಹೋಗಿತ್ತು. ಒಣಗಿದ್ದು ಎಂದರೆ ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದ ಈ ಬೊಡ್ಡೆಯೊಂದೇ. ಅದನ್ನು ತುಂಡು ಮಾಡಿ ಸೀಳಿದರೆ ಮಾತ್ರ ಹೊತ್ತು ಮುಳುಗುವುದರೊಳಗೆ ಚಿತೆಗೆ ಬೆಂಕಿ ಇಡಬಹುದಿತ್ತು.

ಬುಡ್ಡೇಸಾಬ ಗರಗಸವನ್ನು ಬೆಳಕಿಗೆ ಹಿಡಿದ. ಒಂದು ಹಲ್ಲು ಹೊಳೆಯುತ್ತಿತ್ತು, ಅದರ ಪಕ್ಕದ್ದು ಮೊಂಡಾಗಿತ್ತು. ಮತ್ತೊಂದು ಹೊಳೆಯುತ್ತಿತ್ತು, ಮತ್ತೊಂದು ಮೊಂಡು. ತುದಿಯವರೆಗೂ ಹಾಗೇ.

"ನಿಮ್ಮವ್ವ ನಿನ್ನೆ ಒಂದು ಮಗ್ಗಲದ್ದಷ್ಟ ಅರ ಹಾಕ್ಯಾಳ," ಎಂದ ಅವನು ಮೆಲ್ಲಗೆ. "ಇನ್ನೊಂದು ಮಗ್ಗಲ ಇವತ್ತಿಗೆ ಇಟ್ಟಿದ್ಲು."

"ಅಡ್ಡೆಯಿಂದ ಬ್ಯಾರೆ ಗರಗಸ ತರ್ತೀನಿ."

ಕಟ್ಟೆಯ ಮೇಲೆ ಕುಳಿತಿದ್ದ ಹನಮಂತವ್ವನ ಗಂಡ ಮೂಕಪ್ಪ ತಲೆ ಎತ್ತಿದ. ಅವನ ಕಣ್ಣು ಪೂರ್ತಿ ಹೋಗಿ ಐದು ವರ್ಷವಾಗಿತ್ತು.

"ಅಕಿ ಅರ್ಧಕ್ಕ ಬಿಟ್ಟ ಗರಗಸ ಯಾರಿಗೂ ಕೊಟ್ಟಾಕಿ ಅಲ್ಲ," ಎಂದ. "ಬ್ಯಾರೇದು ಯಾಕ? ಇದನ್ನ ಮುಗಿಸಿದ್ರಾತು."

*

ಒಂಬತ್ತು ವರ್ಷಗಳ ಹಿಂದೆ, ಸ್ವಾತಂತ್ರ್ಯ ಬಂದ ವರ್ಷದ ಶ್ರಾವಣದಲ್ಲಿ, ಮೂಕಪ್ಪನ ಕಣ್ಣಿಗೆ ಪೊರೆ ಬರತೊಡಗಿತ್ತು. ಅವನೂ ಬುಡ್ಡೇಸಾಬನೂ ಅಂದಾನಪ್ಪನ ಅಡ್ಡೆಯಲ್ಲಿ ಬೊಡ್ಡೆ ಕೊಯ್ಯುವ ಜೋಡಿ. ಒಂದು ದಿನ ಅಂದಾನಪ್ಪ ಸೊಟ್ಟಗೆ ಕೊಯ್ದ ತುಂಡುಗಳನ್ನು ಸಾಲಾಗಿ ನಿಲ್ಲಿಸಿ ಕೇಳಿದ: "ಮೂಕಪ್ಪಾ, ನಿನ್ನ ಗರಗಸ ಕುಡದು ಬಂದೈತೇನು? ಸೋಮವಾರದ ತನಕಾ ನೋಡ್ತೀನಿ. ಸುಧಾರಿಸಲಿಲ್ಲಂದ್ರ ಬ್ಯಾರೆ ಜೋಡಿ ಹುಡುಕ್ತೀನಿ."

ಮನೆಗೆ ಬಂದ ಮೂಕಪ್ಪ ಗರಗಸವನ್ನು ಎರಡು ಹಲಗೆಗಳ ನಡುವೆ ಬಿಗಿದು, ಮೈಯ ಬಲವೆಲ್ಲ ಹಾಕಿ ಹಲ್ಲುಗಳಿಗೆ ಅರ ಉಜ್ಜಿದ. ಜೋಳ ಹಸನು ಮಾಡುತ್ತಿದ್ದ ಹನಮಂತವ್ವ ಬಹಳ ಹೊತ್ತು ನೋಡಿದಳು.

"ಒಂದು ಹಲ್ಲಿಗೆ ಎರಡು ಸಲ ಎಳಿತೀರಿ, ಒಂದಕ್ಕ ಐದು ಸಲ. ರೊಟ್ಟಿ ಒಂದ ಕಡೆ ಹೆಚ್ಚು ಬಡದ್ರ ಹರಿಯೂದಿಲ್ಲೇನು?"

"ಹಂಗಾರ ನೀನ ಬಡಿ," ಎಂದು ಅವನು ಅರವನ್ನು ಅವಳ ಮುಂದೆ ಎಸೆದ.

ಅವಳು ಎತ್ತಿಕೊಂಡಳು. ಮೊದಲ ದಿನ ಒಂದು ಹಲ್ಲನ್ನು ಗಿಡ್ಡ ಮಾಡಿಬಿಟ್ಟಳು. ಉಳಿದ ಹಲ್ಲುಗಳನ್ನೆಲ್ಲ ಅದರ ಮಟ್ಟಕ್ಕೆ ಇಳಿಸಲು ಎರಡು ದಿನ ಹಿಡಿಯಿತು. ಆಮೇಲೆ ದೀಪದ ಮಸಿಯನ್ನು ಹಲ್ಲಿಗೆ ಹಚ್ಚಿದಳು. ಅರ ಎಲ್ಲಿ ತಾಗಲಿಲ್ಲವೋ ಅಲ್ಲಿ ಮಸಿ ಉಳಿಯುತ್ತಿತ್ತು, ಕೈ ಎಲ್ಲಿ ವಾಲಿತು ಎಂದು ತಿಳಿಯುತ್ತಿತ್ತು. ಅರವನ್ನು ಮುಂದಕ್ಕಷ್ಟೇ ತಳ್ಳಬೇಕು, ಹಿಂದಕ್ಕೆ ತರುವಾಗ ಎತ್ತಬೇಕು. ಒಂದು ಹಲ್ಲಿಗೆ ಮೂರು ಸಲ, ಹೆಚ್ಚಿಲ್ಲ ಕಡಿಮೆಯಿಲ್ಲ. ಒಂದು ಬಿಟ್ಟು ಒಂದರಂತೆ ಒಂದು ಮಗ್ಗುಲು ಮುಗಿಸಿ, ಗರಗಸ ತಿರುಗಿಸಿ, ಬಿಟ್ಟ ಹಲ್ಲುಗಳನ್ನು ಹಿಡಿಯಬೇಕು. ಇಷ್ಟನ್ನೂ ಅವಳು ಯಾರನ್ನೂ ಕೇಳದೆ ಕಂಡುಕೊಂಡಳು.

ಸೋಮವಾರ ಗರಗಸ ಬೊಡ್ಡೆಯೊಳಗೆ ನೆಟ್ಟಗೆ ಇಳಿಯಿತು. ಹಿಟ್ಟಿನಂತೆ ಉದುರುತ್ತಿದ್ದ ಪುಡಿ ಈಗ ಶಾವಿಗೆಯ ಹಾಗೆ ಎಳೆ ಎಳೆಯಾಗಿ ಬಿತ್ತು. ಅಂದಾನಪ್ಪ ಬಗ್ಗಿ ನೋಡಿದ.

"ಯಾರ ಕಡಿಂದ ಅರ ಹಾಕಿಸಿದಿ?"

ಮೂಕಪ್ಪ ಸುಳ್ಳು ಹೇಳುತ್ತಾನೆ ಎಂದೇ ಬುಡ್ಡೇಸಾಬ ಅಂದುಕೊಂಡಿದ್ದ.

"ನನ್ನ ಹೇಣ್ತಿ ಹಾಕ್ಯಾಳ್ರಿ."

ಅಡ್ಡೆಯ ಮಂದಿಯೆಲ್ಲ ನಕ್ಕರು. ಅಂದಾನಪ್ಪ ನಗಲಿಲ್ಲ. ಅದೇ ವಾರ ತನ್ನ ಅಡ್ಡೆಯ ಉಳಿದ ಗರಗಸಗಳನ್ನೂ ಅವಳ ಮನೆಗೆ ಕಳಿಸಿದ. ಮುಂದೆ ಸೊರಟೂರು, ಹೊಂಬಳಗಳಿಂದಲೂ ಬಂದವು. ಮೂಕಪ್ಪನ ಕಣ್ಣು ಪೂರ್ತಿ ಹೋದ ಮೇಲೆ ಮನೆ ನಡೆದದ್ದು ಆ ಅರದಿಂದಲೇ.

*

"ಕರೆವ್ವಾ," ಎಂದು ಮೂಕಪ್ಪ ಬಾಗಿಲ ಕಡೆ ಮುಖ ಮಾಡಿ ಕರೆದ. "ಬಾ, ಇದನ್ನ ಮುಗಸು."

ಹೊಳೆಯಪ್ಪನ ಹೆಂಡತಿ ಕರೆವ್ವ ಹೊರಗೆ ಬಂದಳು. ಅತ್ತೆಯ ಎದುರು ಆರು ವರ್ಷ ಕುಳಿತು ಕಲಿತವಳು. ಆದರೆ ಅವಳು ಮುಗಿಸಿದ ಗರಗಸದ ಮೇಲೆ ಅತ್ತೆ ಒಮ್ಮೆ ಬೆರಳಾಡಿಸದೆ ಅದು ಮನೆಯ ಹೊಸ್ತಿಲು ದಾಟಿದ್ದಿಲ್ಲ.

ನೆರೆಮನೆಯ ನೀಲಗಂಗವ್ವ ಅಡ್ಡ ಬಂದಳು. "ಹೆಣ ಒಳಗಿರಬೇಕಾದ್ರ ಸೊಸಿ ಅರ ಹಿಡಿಯೂದಾ? ಮಂದಿ ಏನಂದಾರು?"

"ಮಂದಿ ಆವಾಗೂ ಅಂದಿದ್ರು ಬೇ," ಎಂದ ಮೂಕಪ್ಪ. "ಆಮ್ಯಾಲೆ ಅದ ಮಂದಿ ಗರಗಸ ತಂದ್ರು."

ನೀಲಗಂಗವ್ವ ದಾರಿ ಬಿಟ್ಟು ಸರಿದಳು. ಕರೆವ್ವ ಗರಗಸ ಬಿಗಿದು, ಮಸಿ ಹಚ್ಚಿ, ಅರ ಹಿಡಿದಳು. ಮೂರು ಸಲ, ಮುಂದಿನ ಹಲ್ಲು. ಮೂರು ಸಲ, ಮುಂದಿನದು. ಒಳಗೆ ಹೆಂಗಸರ ಅಳು ಏರಿದಾಗ ಅವಳ ಕಣ್ಣೂ ತುಂಬಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಅರ ಇಟ್ಟಳು.

"ಹಿಂದಿನ ಹಲ್ಲಿಗೆ ಎರಡ ಆದ್ವು," ಎಂದ ಅರದ ಸಪ್ಪಳ ಎಣಿಸುತ್ತಿದ್ದ ಮೂಕಪ್ಪ.

ಅವಳು ನೋಡಿದಳು. ಆ ಹಲ್ಲಿನ ಬುಡದಲ್ಲಿ ಮಸಿ ಇನ್ನೂ ಇತ್ತು.

"ಹೌದ್ರಿ ಮಾವಾರ."

ಮೂರನೆಯದನ್ನು ತಳ್ಳಿದಳು. ಅಲ್ಲಿಂದಾಚೆಗೆ ಲೆಕ್ಕ ತಪ್ಪಲಿಲ್ಲ. ಮುಗಿಸಿ ಗರಗಸವನ್ನು ಮಾವನ ಮುಂದೆ ಹಿಡಿದಳು. ಅವನು ಬೆರಳು ಮುಂದೆ ಮಾಡಿದವನು ಹಾಗೇ ಹಿಂದಕ್ಕೆ ತೆಗೆದುಕೊಂಡ.

"ನೀ ನೋಡಿದ್ರ ಆತು. ಕೊಡು ಅವರಿಗೆ."

ಬುಡ್ಡೇಸಾಬ ಮತ್ತು ಹೊಳೆಯಪ್ಪ ಮತ್ತೆ ಬೊಡ್ಡೆಯ ಎರಡೂ ಕಡೆ ನಿಂತರು. ಗರಗಸ ಇಳಿಯಿತು. ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ಮೊದಲ ತುಂಡು ಉರುಳಿದಾಗ ಬುಡ್ಡೇಸಾಬ ಅದರ ನುಣುಪು ಮುಖದ ಮೇಲೆ ಅಂಗೈ ಇಟ್ಟ.

"ಅಕ್ಕಾ, ನಿನ್ನ ಸೊಸಿ ಪಾಸಾದ್ಲು ನೋಡು," ಎಂದು ಮನೆಯ ಕಡೆ ತಿರುಗಿ ಹೇಳಿದ.

ಹೊತ್ತು ಇಳಿಯುವ ಮೊದಲೇ ಹನಮಂತವ್ವನ ದಹನವಾಯಿತು.

ಗಂಡಸರು ಸ್ಮಶಾನದಿಂದ ಬಂದು ಮಿಂದು ಕುಳಿತಿದ್ದರು. ಆಗ ಲಕ್ಷ್ಮೇಶ್ವರದ ಕಡೆಯ ಚಕ್ಕಡಿಯೊಂದು ಬಾಗಿಲ ಮುಂದೆ ನಿಂತಿತು. ಗೋಣಿತಟ್ಟಿನಲ್ಲಿ ಸುತ್ತಿದ ಗರಗಸ ಹೊತ್ತು ಒಬ್ಬ ಇಳಿದ.

"ನಾನು ಮೈಲಾರಪ್ಪ ಅಂತರಿ. ನಾಡದ್ದು ಕನ್ನಡ ನಾಡೆಲ್ಲಾ ಒಂದಾಗ್ತೈತಲ್ರಿ, ನಮ್ಮೂರಾಗ ಮಂಟಪ ಹಾಕಾಕತ್ತೇವಿ. ಗರಗಸ ಮೊಂಡ ಆಗಿ ಕೆಲಸ ನಿಂತೈತಿ. ಅರ ಹಾಕವ್ರ ಮನಿ ಇದ ಏನ್ರಿ?"

ಹೊಳೆಯಪ್ಪ ಇಲ್ಲವೆನ್ನಲು ಬಾಯಿ ತೆರೆದ.

ಕರೆವ್ವ ಒಳಗಿನಿಂದ ಬಂದಳು. ಮಿಂದ ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಗೋಣಿತಟ್ಟು ಬಿಚ್ಚಿ, ಗರಗಸವನ್ನು ಪಡುವಣ ಬೆಳಕಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ಹಲ್ಲುಗಳ ಸಾಲಿನುದ್ದಕ್ಕೂ ನೋಡಿದಳು.

ಮೂಕಪ್ಪ ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟ.