ಫ್ರೌ ಕೀಫರ್ ಕೇಳಿಸಿಕೊಂಡ ಸದ್ದು

ಡಾಕ್ಟರು ಹೇಳಿದ್ದು ಸರಳವಾಗಿತ್ತು: ಧೂಳು ಹೀರುವ ಯಂತ್ರ ಹಾಕಿಕೊಳ್ಳದೆ ಇನ್ನು ಮರ ಕೊಯ್ಯುವ ಕೆಲಸ ಮಾಡಬೇಡಿ, ನಿಮ್ಮ ಶ್ವಾಸಕೋಶ ತಡೆಯುವುದಿಲ್ಲ. ಕೆಳಮನೆಯ ಶ್ರೀಮತಿ, ಫ್ರೌ ಕೀಫರ್, ಚೀಟಿಯಲ್ಲಿ ಬರೆದದ್ದೂ ಅಷ್ಟೇ ಸರಳ: ಸದ್ದು ಸಾಕು. ಈ ಇಬ್ಬರ ಮಧ್ಯೆ ನನ್ನ ಗಂಡ ಲೋಥಾರ್ ಶ್ವೆಂಕ್ ಅಡಕತ್ತರಿಗೆ ಸಿಕ್ಕಿದ ಅಡಕೆಯಂತಾದ.

ನಮ್ಮ ಕಟ್ಟಡದಲ್ಲಿ ಆರು ಮನೆಗಳು. ಆರಕ್ಕೂ ನೆಲಮಾಳಿಗೆಯಲ್ಲಿ ಮರದ ಪಟ್ಟಿ ಹೊಡೆದು ಬೇರ್ಪಡಿಸಿದ ಒಂದೊಂದು ಗೂಡು. ಉಳಿದವರು ಅಲ್ಲಿ ಆಲೂಗಡ್ಡೆ, ಸೈಕಲ್ಲು, ಹಳೇ ಹಾಸಿಗೆ ಇಟ್ಟಿದ್ದಾರೆ. ಲೋಥಾರ್ ತನ್ನ ಜೀವವನ್ನೇ ಇಟ್ಟಿದ್ದಾನೆ. ಮೂವತ್ತೆಂಟು ವರ್ಷ ಸ್ಟುಟ್‌ಗಾರ್ಟಿನಲ್ಲಿ ಟ್ರಾಮ್ ಓಡಿಸಿದವನು, ಈಗ ಆ ಎರಡು ಹೆಜ್ಜೆ ಅಗಲದ ಜಾಗದಲ್ಲಿ ಕೂತು ಬೀಚ್ ಮರದಲ್ಲಿ ಮೊಳದುದ್ದದ ಟ್ರಾಮ್ ಮಾಡುತ್ತಾನೆ. ಬಾಗಿಲು ತೆರೆಯುತ್ತದೆ, ಗಾಲಿ ತಿರುಗುತ್ತದೆ, ಹಳದಿ ಬಣ್ಣ ಬಳಿಯುತ್ತಾನೆ. ನಮ್ಮ ಬೀದಿಯ ಶಿಶುವಿಹಾರದಲ್ಲಿ ಅಂಥವು ಹನ್ನೊಂದಿವೆ. ನಿವೃತ್ತನಾದ ಮೊದಲ ಚಳಿಗಾಲ ಅವನು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಬೀದಿಯಲ್ಲಿ ಹೋಗುವ ಟ್ರಾಮು ಎಷ್ಟು ನಿಮಿಷ ತಡ ಎಂದು ಲೆಕ್ಕ ಹಾಕುತ್ತಿದ್ದ. ಆ ಕುರ್ಚಿಗೆ ಅವನು ಮತ್ತೆ ಹೋಗಿ ಕೂರುವುದನ್ನು ನಾನು ನೋಡಲಾರೆ.

ಫ್ರೌ ಕೀಫರ್ ಇರುವುದು ನೆಲಮಾಳಿಗೆಯ ಮೆಟ್ಟಿಲ ಪಕ್ಕದ ಮನೆಯಲ್ಲಿ. ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಏನನ್ನೂ ಬಾಯಿ ಬಿಟ್ಟು ಹೇಳಿದವರಲ್ಲ. ನಮ್ಮಲ್ಲಿ ಯಾರೂ ಹೇಳುವುದಿಲ್ಲ ಬಿಡಿ, ಇಂಥದ್ದಕ್ಕೆಲ್ಲ ನೆರೆಮನೆಯ ಗಂಟೆ ಒತ್ತಿದರೆ ಯುದ್ಧ ಸಾರಿದ ಹಾಗೆ. ಚೌಕುಳಿ ಕಾಗದದ ಮೇಲೆ ಬರೆದು, ನಾಲ್ಕು ಮೂಲೆಗೂ ಅಂಟುಪಟ್ಟಿ ಹಚ್ಚಿ, ನೆಲಮಾಳಿಗೆಯ ಬಾಗಿಲಿಗೆ ಅಂಟಿಸುತ್ತಿದ್ದರು: "ಗೌರವಾನ್ವಿತ ನೆರೆಯವರೇ, ಮಧ್ಯಾಹ್ನದ ವಿಶ್ರಾಂತಿಯ ವೇಳೆ ನೆಲಮಾಳಿಗೆಯ ಮೆಟ್ಟಿಲ ಕಡೆಯಿಂದ ಬರುವ ಸದ್ದಿನ ಬಗ್ಗೆ ದಯವಿಟ್ಟು ಯೋಚಿಸಿ. ಸ್ನೇಹಪೂರ್ವಕ ವಂದನೆಗಳು." ಹೆಸರಿಲ್ಲ. ಅಕ್ಷರ ಯಾರದೆಂದು ಆರೂ ಮನೆಗೆ ಗೊತ್ತು.

ಲೋಥಾರ್ ಚೀಟಿಯನ್ನು ಬೆಳಕಿಗೆ ಹಿಡಿದು ಓದಿ ಕೆಂಪಗಾಗುತ್ತಿದ್ದ. "ಒಂದರಿಂದ ಮೂರು ನಾನು ಸ್ವಿಚ್ ಮುಟ್ಟಿದ್ದೇ ಇಲ್ಲ. ಬರೀ ಉಪ್ಪುಕಾಗದ ಹಿಡಿದು ಕೈಯಲ್ಲಿ ಉಜ್ತಾ ಕೂತಿರ್ತೀನಿ. ಇಲಿ ಕೂಡ ಅದಕ್ಕಿಂತ ಜಾಸ್ತಿ ಸದ್ದು ಮಾಡುತ್ತೆ."

ಅದು ನಿಜ. ಒಂದರಿಂದ ಮೂರರವರೆಗೆ ಸದ್ದು ಕೂಡದೆಂಬ ಕಟ್ಟಡದ ನಿಯಮ ಮೀರುವ ಪೈಕಿ ಅವನಲ್ಲ. ಹನ್ನೆರಡು ಐವತ್ತೊಂಬತ್ತಕ್ಕೆ ಯಂತ್ರ ಬಂದ್, ಮೂರು ಹೊಡೆದ ಮೇಲೆಯೇ ಮತ್ತೆ ಶುರು. ಆದರೆ ಧೂಳು ಹೀರಲೆಂದು ಮನೆಯ ಹಳೇ ವ್ಯಾಕ್ಯೂಮ್ ಅಲ್ಲಿಗೆ ಒಯ್ದಿದ್ದನಲ್ಲ, ಅದು ಲಾರಿಯಂತೆ ಒದರುತ್ತಿತ್ತು. ಆ ಒದರಾಟ ಹೊತ್ತಿನ ಆಚೆಗೂ ತಲೆಯಲ್ಲಿ ಉಳಿಯುತ್ತದೇನೋ ಎಂದು ನಾವಿಬ್ಬರೂ ತೀರ್ಮಾನಿಸಿದೆವು.

ಒಂದೂಕಾಲಿಗೆ ನಮ್ಮ ಊಟ. ಆ ಹೊತ್ತಿನ ಕತೆ ಬೇರೆ. ಎರಡು ಮಹಡಿ ಇಳಿದು ಬಂದು, ನೆಲಮಾಳಿಗೆಯ ಮೆಟ್ಟಿಲ ತಲೆಯಲ್ಲಿ ನಿಂತು ನಾನು ಕರೆದರೆ ಈ ಮಹಾರಾಯ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಒಂದು ಸಲ, ಎರಡು ಸಲ, ಮೂರನೇ ಸಲಕ್ಕೆ "ಆಂ?" ಎನ್ನುತ್ತಿದ್ದ. ಎರಡು ವರ್ಷದಿಂದ ಇದೇ ಪಾಡು. ಮದುವೆಯಾಗಿ ನಲವತ್ತಮೂರು ವರ್ಷವಾದ ಮೇಲೆ ಹೆಂಡತಿಯ ಮಾತು ಗಾಳಿಯ ಹಾಗೆ, ಬೀಸುತ್ತಿದ್ದರೂ ಗಮನಕ್ಕೆ ಬರುವುದಿಲ್ಲ ಎಂದುಕೊಂಡು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಫೆಬ್ರವರಿಯಲ್ಲಿ ಮನೆ ಮಾಲೀಕರ ಸಭೆಯ ಕಾಗದ ಬಂತು. ಆರನೆಯ ವಿಷಯ: ನೆಲಮಾಳಿಗೆಯ ಸದ್ದು, ಚರ್ಚೆ ಮತ್ತು ಮತದಾನ. ಮತ ವಿರುದ್ಧ ಬಿದ್ದರೆ ಕೆಳಗೆ ಯಾವ ಯಂತ್ರವೂ ಕೂಡದು. ಯಂತ್ರವಿಲ್ಲದಿದ್ದರೆ ಡಾಕ್ಟರ ಮಾತಿನಂತೆ ಕೆಲಸವೂ ಕೂಡದು. ಅಂದು ಲೋಥಾರ್ ಬೇಳೆ ಬಡಿಸಿಕೊಂಡು ಚಮಚ ಮುಟ್ಟದೆ ಎದ್ದ. ಕಿಟಕಿಯ ಕುರ್ಚಿಯಲ್ಲಿ ಹೋಗಿ ಕೂತ.

"ಏಳು," ಅಂದೆ. ಅವನು ಅಲುಗಲಿಲ್ಲ. ಹೋಗಿ ತೋಳು ಹಿಡಿದೆಳೆದೆ. "ಏಳೋ ಮಾರಾಯ! ಸದ್ದು ಮಾಡದ ಯಂತ್ರ ಲೋಕದಲ್ಲಿ ಒಂದಾದ್ರೂ ಇರುತ್ತೆ. ಶನಿವಾರ ಹೋಗಿ ತರೋಣ."

ಉಪಕರಣದ ಅಂಗಡಿಯಲ್ಲಿ ಬೂದು, ಕೆಂಪು, ನೀಲಿ ಎಂದು ಮೂರು ಬಣ್ಣದ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದ್ದರು. ತೋರಿಸಲು ಬಂದ ಹುಡುಗಿಯ ಎದೆಯ ಚೀಟಿಯಲ್ಲಿ ನೂರ್ಚಾನ್ ಎಂದಿತ್ತು. ಅವಳು ಬೂದು ಯಂತ್ರದ ಸ್ವಿಚ್ ಒತ್ತಿದಳು. "ನಮ್ಮಲ್ಲಿ ಇದಕ್ಕಿಂತ ಮೆತ್ತಗಿನದು ಇಲ್ಲ. ಅರವತ್ತೆರಡು ಡೆಸಿಬಲ್, ಇಲ್ಲಿ ಬರ್ದಿದೆ ನೋಡಿ."

"ಗುಂಯ್ ಅಂತಿದೆಯಲ್ರೀ," ಲೋಥಾರ್ ಮೂಗು ಮುರಿದ. ಕೆಂಪಿನದೂ ಹಿಡಿಸಲಿಲ್ಲ. ಹುಡುಗಿ ನೀಲಿಯದನ್ನು ಹಾಕಿದಳು.

ನನ್ನ ಹಲ್ಲಿನೊಳಗಿನ ಸಿಮೆಂಟು ಜುಮ್ಮೆಂದಿತು. ಸೂಜಿಯಂಥ ಸಣ್ಣ ಶಿಳ್ಳೆ, ಕಿವಿಯಿಂದ ಹೊಕ್ಕು ತಲೆಯ ಆಚೆ ಬರುವಂಥದ್ದು. ತಿರುಪು ಮೊಳೆ ಆರಿಸುತ್ತಿದ್ದವರೊಬ್ಬರು ಹಿಂತಿರುಗಿ ನೋಡಿದರು.

"ಹಾಕಿದ್ರಾ?" ಲೋಥಾರ್ ಕೇಳಿದ.

ಹುಡುಗಿ ನನ್ನ ಮುಖ ನೋಡಿದಳು. ಲೋಥಾರ್ ಕೊಳವೆಯ ಬಾಯಿಗೆ ಕೈ ಒಡ್ಡಿದ, ಅಂಗಿಯ ತೋಳು ಸರಕ್ಕನೆ ಒಳಕ್ಕೆ ಎಳೆದುಕೊಂಡಿತು. ಅವನ ಮುಖ ಅರಳಿತು. "ಓಡ್ತಾ ಇದೆ! ರೋಸ್ವಿತಾ, ನೋಡು, ಓಡ್ತಾನೇ ಇದೆ, ಉಸಿರೇ ಇಲ್ಲ! ಕೀಫರ್ ಈಗ ಏನು ಬರೀತಾರೆ ನೋಡ್ತೀನಿ!"

"ಆದರೆ ಇದರ ಮೇಲೆ ಎಪ್ಪತ್ತೆಂಟು ಅಂತ..." ಹುಡುಗಿ ತಡವರಿಸಿದಳು.

"ಅಂಕಿ ಯಾರು ಬೇಕಾದ್ರೂ ಬರೀಬಹುದು. ನಾನು ಕಿವಿ ನಂಬೋನು."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಡಿಪೋದಲ್ಲಿ ಅವನ ಕಿವಿ ಹೆಸರುವಾಸಿಯಾಗಿತ್ತು. ಯಾವುದಾದರೂ ಗಾಲಿ ಕಿರುಗುಟ್ಟಿದರೆ ಮೆಕ್ಯಾನಿಕ್‌ಗಳೇ ಬಂದು ಇವನನ್ನು ಕರೆದೊಯ್ಯುತ್ತಿದ್ದರು. ಇವನು ಕಣ್ಣು ಮುಚ್ಚಿ ಕೇಳಿ, ಹಿಂದಿನ ಬೋಗಿ, ಎಡಗಡೆ ಎನ್ನುತ್ತಿದ್ದ. ಅಂಥವನಿಗೆ ಅಂಗಡಿಯ ನಡುವೆ ನಿಂತು ನಿನ್ನ ಕಿವಿ ಹೋಗಿದೆ ಎಂದು ಹೇಗೆ ಹೇಳುವುದು? ಮೇಲಾಗಿ ನೀಲಿಯದಕ್ಕೆ ತೊಂಬತ್ತು ಯೂರೋ ಕಡಿಮೆ. ನಾವು ಶ್ವಾಬಿಯದವರು, ಕಾಸಿಗೆ ಕಾಸು ಗಂಟು ಹಾಕುವುದಕ್ಕೆ ಹೆಸರಾದವರು, ಅದು ಮನಸ್ಸಿಗೆ ಬರಲಿಲ್ಲ ಎಂದರೆ ಸುಳ್ಳಾದೀತು.

ಟ್ರಾಮಿನಲ್ಲಿ ಮನೆಗೆ ಬರುವಾಗ ಅವನ ಪಕ್ಕದಲ್ಲೇ ಕೂತು, ಮೆಲ್ಲಗೆ, "ಲೋಥಾರ್, ನಿನ್ನ ಕೈಚೀಲ ಕೆಳಗೆ ಬಿತ್ತು," ಅಂದೆ. ಅವನು ತೊಡೆಯ ಮೇಲಿನ ಪೆಟ್ಟಿಗೆ ತಬ್ಬಿಕೊಂಡು ಕಿಟಕಿಯಾಚೆ ನೋಡಿ ನಗುತ್ತಿದ್ದ. ಬಗ್ಗಿ ನಾನೇ ಕೈಚೀಲ ಎತ್ತಿಕೊಂಡೆ. ಭಯವಾಯಿತು.

ಸೋಮವಾರ ಮೂರು ಹೊಡೆಯುವುದನ್ನೇ ಕಾದು ಅವನು ಸ್ವಿಚ್ ಒತ್ತಿದ. ನಾನು ಗೂಡಿನ ಬಾಗಿಲಲ್ಲಿ ನಿಂತಿದ್ದೆ. ಎರಡು ನಿಮಿಷವೂ ಆಗಿರಲಿಲ್ಲ, ಮೆಟ್ಟಿಲ ಮೇಲೆ ಚಪ್ಪಲಿಯ ಸಪ್ಪಳ. ಚೀಟಿ ಅಂಟಿಸಿ ಹೋಗುವ ಫ್ರೌ ಕೀಫರ್ ಖುದ್ದಾಗಿ ಇಳಿದು ಬಂದಿದ್ದರು. ಎರಡೂ ಅಂಗೈ ಕಿವಿಯ ಮೇಲೆ.

"ಬನ್ನಿ ಬನ್ನಿ!" ಲೋಥಾರ್ ಎದ್ದು ನಿಂತ. "ಹೊಸದು. ಕೇಳಿಸುತ್ತಾ ಹೇಳಿ ನೋಡೋಣ!"

ಅವರು ಕೈ ತೆಗೆಯಲಿಲ್ಲ. ಲೋಥಾರ್ ನಗುತ್ತ ನನ್ನ ಕಡೆ ತಿರುಗಿದ. ನನಗೆ ಗೊತ್ತಿಲ್ಲದೆ ನನ್ನ ಕೈಗಳೂ ಕಿವಿಗೆ ಹೋಗಿದ್ದವು. ಅವನ ನಗು ಅಲ್ಲೇ ನಿಂತಿತು.

ಸ್ವಿಚ್ ಆರಿಸಿದ. ನಾವಿಬ್ಬರೂ ಕೈ ಇಳಿಸಿದೆವು. ಹಾಕಿದ. ಕೈಗಳು ಮೇಲೆ ಹೋದವು. ಮತ್ತೆ ಆರಿಸಿದ, ಮತ್ತೆ ಹಾಕಿದ. ಡಿಪೋದಲ್ಲಿ ತಪ್ಪು ಹುಡುಕುತ್ತಿದ್ದುದೂ ಹೀಗೆಯೇ, ಒಂದೊಂದೇ ಭಾಗ ಬಿಡಿಸಿ, ಯಾವುದು ಉಳಿಯಿತೋ ಅದೇ ಕಳ್ಳ. ಕಡೆಗೆ ಯಂತ್ರ ಆರಿಸಿ, ಅದರ ಮೇಲೆಯೇ ಕೂತುಬಿಟ್ಟ.

"ಶಿಳ್ಳೆ ಹೊಡೀತಿದೆಯಾ?" ನನ್ನನ್ನು ಕೇಳಿದ.

"ಹೂಂ," ಅಂದೆ, ತಲೆಯನ್ನೂ ಆಡಿಸಿದೆ.

"ಅಂಗಡೀಲೂ?"

"ಅಂಗಡೀಲೂ."

"ಹಾಗಾದ್ರೆ ಚೀಟಿ ಸರಿ ಇತ್ತು," ಎಂದು ಅವನು ಫ್ರೌ ಕೀಫರ್‌ಗೆ ಹೇಳಿದ. "ಹಳೇದು ಕೂಡ ನಿಮಗೆ ಎಷ್ಟು ಹಿಂಸೆ ಕೊಟ್ಟಿರಬೇಕು, ನನಗೆ ತಿಳೀಲಿಲ್ಲ. ಕ್ಷಮಿಸಿ. ಸಭೇಲಿ ನಾನೇ ಎದ್ದು ನಿಂತು ಗೂಡು ಖಾಲಿ ಮಾಡ್ತೀನಿ ಅಂತ ಹೇಳ್ತೀನಿ."

ಫ್ರೌ ಕೀಫರ್ ಸರದ ಮಣಿಗಳನ್ನು ಬೆರಳಲ್ಲಿ ತಿರುವುತ್ತಿದ್ದರು. "ಅಯ್ಯೋ, ಹಳೇ ಯಂತ್ರ ಹತ್ತು ನಿಮಿಷ ಒದರಿ ಸುಮ್ನಾಗ್ತಿತ್ತು. ಅದೂ ಹೊತ್ತು ನೋಡಿಕೊಂಡು. ನಾನು ಬರೆದಿದ್ದು ಅದರ ಬಗ್ಗೆ ಅಲ್ಲ, ಶ್ವೆಂಕ್ ಅವರೇ."

"ಮತ್ತೆ?"

ಅವರು ನನ್ನನ್ನು ನೋಡಿ, ನೆಲ ನೋಡಿದರು. "ದಿನಾ ಒಂದೂಕಾಲಿಗೆ... ನನ್ನ ಬಾಗಿಲ ಪಕ್ಕದಲ್ಲೇ. 'ಲೋಥಾರ್! ಲೋಥಾರ್! ಏನು ಕಿವುಡನಾ ನೀನು?' ಅಂತ. ಎರಡು ವರ್ಷದಿಂದ. ನಿಮ್ಮಿಬ್ಬರ ಮಧ್ಯೆ ಏನೋ ದೊಡ್ಡ ಜಗಳ ಅಂದ್ಕೊಂಡಿದ್ದೆ. ಜಗಳ ಅಂತ ಚೀಟೀಲಿ ಬರೆಯೋಕಾಗುತ್ತಾ? ಅದಕ್ಕೆ ಸದ್ದು ಅಂತ ಬರೆದೆ."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ದಿನವೂ ಅದೇ ಪ್ರಶ್ನೆಯನ್ನು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದವಳು ನಾನು. ಏಳುನೂರು ಸಲವಾದರೂ ಕೇಳಿರಬೇಕು. ಒಂದು ಸಲವೂ ಉತ್ತರಕ್ಕೆ ಕಾಯಲಿಲ್ಲ. ಅವನು ನನ್ನನ್ನು ಕಡೆಗಣಿಸುತ್ತಿದ್ದಾನೆ ಎಂದು ಸಿಟ್ಟಿನಲ್ಲಿ ಕುದಿದೆನೇ ಹೊರತು, ಪಾಪ, ಅವನಿಗೆ ಕೇಳಿಸುತ್ತಿಲ್ಲವೇನೋ ಎಂದು ಅರೆಗಳಿಗೆ ಯೋಚಿಸಲಿಲ್ಲ. ಎರಡು ವರ್ಷ ಅವನು ಆ ಗೂಡಿನಲ್ಲಿ ಒಬ್ಬನೇ ಇದ್ದ, ನಾನು ಮೆಟ್ಟಿಲ ಮೇಲೆ ನಿಂತು ಬೈಯುತ್ತಿದ್ದೆ.

"ನನ್ನದೇ ತಪ್ಪು," ಅಂದೆ.

ಲೋಥಾರ್ ನಮ್ಮಿಬ್ಬರ ತುಟಿಗಳನ್ನೇ ನೋಡುತ್ತಿದ್ದ. ಪೂರ್ತಿ ಕೇಳಿಸಿತೋ ಇಲ್ಲವೋ, ವಿಷಯ ಮಾತ್ರ ತಿಳಿದಿತ್ತು. ಇದ್ದಕ್ಕಿದ್ದಂತೆ ಹೊಟ್ಟೆ ಕುಲುಕಿಸಿ ನಗಲು ಶುರುಮಾಡಿದ. "ಮುನ್ನೂರು ಯೂರೋ ಕೊಟ್ಟು ಯಂತ್ರ ತಂದೆನಲ್ಲೇ! ಒದರ್ತಿದ್ದದ್ದು ನೀನು!"

ಫ್ರೌ ಕೀಫರ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನು ನಗುತ್ತಲೇ ಅತ್ತೆ.

ಮುಂದಿನ ಶನಿವಾರ ಮೂವರೂ ಅಂಗಡಿಗೆ ಹೋದೆವು. ಅದು ಲೋಥಾರನ ತೀರ್ಮಾನ. "ಕೇಳಿಸಿಕೊಳ್ಳಬೇಕಾದವರು ಅವರು. ಅವರೇ ಆರಿಸಲಿ," ಎಂದ. ನೂರ್ಚಾನ್ ನೀಲಿಯದನ್ನು ಮಾತಿಲ್ಲದೆ ವಾಪಸು ತೆಗೆದುಕೊಂಡಳು. ಫ್ರೌ ಕೀಫರ್ ನಮ್ಮ ಕಡೆ ಬೆನ್ನು ತಿರುಗಿಸಿ, ಕೈಚೀಲವನ್ನು ಎದೆಗವಚಿಕೊಂಡು, ಚರ್ಚಿನಲ್ಲಿ ನಿಂತಂತೆ ಕಣ್ಣು ಮುಚ್ಚಿ ನಿಂತರು. ಬೂದು ಯಂತ್ರವನ್ನು ಮೂರು ಸಲ ಹಾಕಿಸಿದರು. "ಇದು ಪಾಪದ್ದು. ಇದರ ಜೊತೆ ನಾನು ಪುಸ್ತಕ ಓದಬಹುದು," ಎಂದರು. ಲೋಥಾರ್ ಯಂತ್ರದ ಮೈಮೇಲೆ ಅಂಗೈ ಇಟ್ಟು ಅದರ ನಡುಕ ನೋಡಿ ತಲೆದೂಗಿದ. ಹೆಚ್ಚಿನ ತೊಂಬತ್ತು ಯೂರೋ ಕೊಡುವಾಗ ನಾನು ಕೆಮ್ಮಲೂ ಇಲ್ಲ. ಅಲ್ಲಿಂದ ನೇರ, ಅವನು ಹಿಂದೆ ಸರಿಯುವ ಮೊದಲು, ಕಿವಿ ಪರೀಕ್ಷಿಸುವ ಅಂಗಡಿಗೆ ಕರೆದೊಯ್ದೆವು, ಎಡಕ್ಕೆ ಒಬ್ಬಳು, ಬಲಕ್ಕೆ ಒಬ್ಬರು.

ಮಾರ್ಚ್ ತಿಂಗಳ ಸಭೆಯಲ್ಲಿ ಆರನೆಯ ವಿಷಯ ಬಂದಾಗ ಫ್ರೌ ಕೀಫರ್ ಕೈ ಎತ್ತಿ, "ಅದನ್ನು ಸೇರಿಸಲು ಹೇಳಿದ್ದವಳು ನಾನೇ, ಈಗ ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಕಾರಣ ಇತ್ಯರ್ಥವಾಗಿದೆ," ಎಂದರು. ಕಾರಣ ಏನು ಎಂದು ಯಾರೋ ಕೇಳಿದರು. ಅವರು ಹೇಳಲಿಲ್ಲ. ಆ ಋಣ ನಾನು ಮರೆಯುವುದಿಲ್ಲ.

ಕಿವಿಯ ಹಿಂದೆ ಕೂರುವ ಆ ಪುಟ್ಟ ಯಂತ್ರ ಕೈಗೆ ಬರುವ ಹೊತ್ತಿಗೆ ಏಪ್ರಿಲ್ ಆಗಿತ್ತು. ಅಂದು ಬೆಳಿಗ್ಗೆ ಹಾಕಿಕೊಂಡು ಕೆಳಗೆ ಹೋದ. ಒಂದೂಕಾಲಿಗೆ ನಾನು ಎರಡು ಮಹಡಿ ಇಳಿದು, ಮೆಟ್ಟಿಲ ತಲೆಯಲ್ಲಿ ನಿಂತು, ಅಭ್ಯಾಸದಂತೆ ಎದೆ ತುಂಬ ಉಸಿರು ಎಳೆದುಕೊಂಡೆ. ಪಕ್ಕದ ಬಾಗಿಲು ಕಂಡಿತು. ಉಸಿರನ್ನು ಹಾಗೇ ಬಿಟ್ಟೆ. ಕೆಳಗೆ ಉಪ್ಪುಕಾಗದ ಸರ್ ಸರ್ ಎನ್ನುತ್ತಿತ್ತು.

"ಲೋಥಾರ್, ಊಟ," ಅಂದೆ. ಮೇಜಿನ ಆಚೆ ಕೂತವರಿಗೆ ಹೇಳುವಷ್ಟೇ ದನಿಯಲ್ಲಿ.

ಸರ್ ಸರ್ ನಿಂತಿತು. "ಬಂದೆ."

ನಾನು ಕಂಬಿ ಹಿಡಿದು ಅಲ್ಲೇ ನಿಂತೆ. ಒಂದು ನಿಮಿಷದ ಮೇಲೆ ಮತ್ತೆ, ಇನ್ನೂ ಮೆಲ್ಲಗೆ, "ಲೋಥಾರ್," ಅಂದೆ.

ಅವನು ಮೈಮೇಲಿನ ಮರದ ಹೊಟ್ಟು ಕೊಡವಿಕೊಳ್ಳುತ್ತ ಮೆಟ್ಟಿಲ ಬುಡಕ್ಕೆ ಬಂದು ತಲೆಯೆತ್ತಿ ನೋಡಿದ. "ಬಂದೆ ಅಂದ್ನಲ್ಲ. ಮತ್ತೆ ಯಾಕೆ ಕರೆದೆ?"

"ಏನಿಲ್ಲ," ಅಂದೆ. "ಇನ್ನೊಂದು ಸಲ ಕರೀಬೇಕು ಅನ್ನಿಸ್ತು."